ಹಳೆಯ ಸೇನಾ ಲಾರಿಯ ಬ್ರೇಕ್: ರಿಪೇರಿ ಹೇಗೆ?

ಹರಾಜಿನಲ್ಲಿ ಕೊಂಡ, ಜಬಲ್ಪುರದಲ್ಲಿ ತಯಾರಾದ ಒಂದು ಟನ್ನಿನ ನಿಸಾನ್ ಲಾರಿ ಮಂಗಳೂರಿನ ಬೈಕಂಪಾಡಿಯ ಶೆಡ್ಡಿನಲ್ಲಿ ಎರಡು ಮಳೆಗಾಲ ನಿಂತಿದೆ ಎಂದುಕೊಳ್ಳಿ. ಎಂಜಿನ್ ಹೇಗೋ ಎದ್ದೀತು. ಬ್ರೇಕ್ ಪೆಡಲ್ ಮಾತ್ರ ಒತ್ತಿದರೆ ಹಲಗೆಯವರೆಗೂ ಇಳಿಯುತ್ತದೆ, ಇಲ್ಲವೇ ಚಕ್ರಗಳು ಹಿಡಿದುಕೊಂಡು ಅಲುಗುವುದೇ ಇಲ್ಲ. ಕರಾವಳಿಯಲ್ಲಿ ಎರಡಕ್ಕೂ ಮೊದಲ ಆರೋಪಿ ನೀರು. ಮೇಸ್ತ್ರಿಗಳು ಬ್ರೇಕ್ ಆಯಿಲ್ ಎನ್ನುವುದು ಎಣ್ಣೆಯಲ್ಲ. ಗಾಳಿಯ ತೇವವನ್ನು ಹೀರುವ ಗ್ಲೈಕಾಲ್ ದ್ರವ. ಹೊಸ ಡಾಟ್ 3 ದರ್ಜೆಯ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್; ನೀರು ಕುಡಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯುತ್ತದೆ. ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಅದು ಕುದಿದರೆ ಪೆಡಲಿನಲ್ಲಿ ಉಳಿಯುವುದು ಬರೀ ಆವಿ.

ಸ್ಪಾನರ್ ಹಿಡಿಯುವ ಮುನ್ನ ಚಕ್ರಗಳಿಗೆ ಮರದ ಅಡ್ಡ ಕೊಡಿ. ಇಂಥ ಲಾರಿಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಎಂಜಿನ್ನಿನ ತಿರುಗುವಿಕೆಯನ್ನು ಹಿಂಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು, ಚಕ್ರವನ್ನಲ್ಲ. ಒಂದು ಹಿಂಚಕ್ರವನ್ನು ಜಾಕಿನಲ್ಲಿ ಎತ್ತಿದೊಡನೆ ಅದು ಗಾಳಿಯಲ್ಲಿ ಹಿಮ್ಮುಖವಾಗಿ ತಿರುಗಿ, ನೆಲದ ಮೇಲಿರುವ ಜೊತೆಗಾರನನ್ನು ಉರುಳಲು ಬಿಡುತ್ತದೆ. ನಾನು ಎತ್ತಿದ ಲಾರಿ ಒಮ್ಮೆ ಗೇಣುದ್ದ ಜಾರಿ, ಹಲಸಿನ ಕೊರಡಿಗೆ ತಾಗಿ ನಿಂತಿತು. ಆ ಕೊರಡು ಈಗಲೂ ನನ್ನ ಶೆಡ್ಡಿನಲ್ಲಿದೆ.

ಚಕ್ರದೊಡನೆ ತಿರುಗುವ ಬ್ರೇಕ್ ಡ್ರಮ್ ಕಳಚಿ ಬರದಿದ್ದರೆ ಸುತ್ತಿಗೆಗೆ ಅವಸರಪಡಬೇಡಿ. ಅಂತರ ಹೊಂದಿಸುವ ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂಗಳು ಒಳಗೆ ಸರಿಯಲಿ. ಒಳಗಿನ ಧೂಳಿಗೆ ಕಂಪ್ರೆಸರ್ ಗಾಳಿ ಹಿಡಿಯಲೇಬಾರದು. ಶೂಗಳ ಮೇಲಿನ ಹಳೆಯ ಲೈನಿಂಗಿನಲ್ಲಿ (ಉಜ್ಜುವ ಪಟ್ಟಿಯಲ್ಲಿ) ಕಲ್ನಾರು ಇರಬಹುದು, ಒದ್ದೆ ಬಟ್ಟೆಯಿಂದ ಒರೆಸಿ. ಒಂದು ಚಕ್ರ ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚಬೇಡಿ. ಸ್ಪ್ರಿಂಗ್ ಎಲ್ಲಿತ್ತು ಎಂಬುದಕ್ಕೆ ಅದೇ ಮಾದರಿ.

ಇನ್ನು ವೀಲ್ ಸಿಲಿಂಡರ್, ಅಂದರೆ ದ್ರವದ ಒತ್ತಡದಿಂದ ಶೂಗಳನ್ನು ತಳ್ಳುವ ಭಾಗ. ರಬ್ಬರ್ ಮುಸುಕನ್ನು ಸರಿಸಿದಾಗ ಒಳಗೆ ಹಸಿಯಿದ್ದರೆ ದ್ರವವನ್ನು ತಡೆಯುವ ರಬ್ಬರ್ ಕಪ್ ಸೋತಿದೆ. ಪಿಸ್ಟನ್ ತೆಗೆದು ಒಳಗೋಡೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಉಗುರು ಆಡಿಸಿ. ಕಂದು ಕಲೆ ಹೋನಿಂಗಿನಲ್ಲಿ, ಅಂದರೆ ಸಾಣೆಕಲ್ಲಿನಿಂದ ನಯವಾಗಿ ಉಜ್ಜಿದರೆ, ಹೋಗುತ್ತದೆ. ಉಗುರು ಸಿಕ್ಕಿಕೊಳ್ಳುವ ಗುಳಿಯಿದ್ದರೆ ಹೊಸ ಕಪ್ ಕೂಡ ನಾಲ್ಕು ದಿನ ಬಾಳುವುದಿಲ್ಲ; ಲೇತ್‌ನಲ್ಲಿ ಸ್ಟೇನ್‌ಲೆಸ್ ಸ್ಲೀವ್ (ಒಳಕೊಳವೆ) ಹಾಕಿಸಿ, ಇಲ್ಲವೇ ಸಿಲಿಂಡರನ್ನೇ ಬದಲಿಸಿ. ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿಗೂ ಇದೇ ಪರೀಕ್ಷೆ. ರಬ್ಬರ್ ಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುವ ನಮ್ಮ ಹಳೆಯ ಚಾಳಿ ಇಲ್ಲಿ ಬೇಡ: ಕಪ್‌ಗಳು ಉಬ್ಬಿ ಸಿಲಿಂಡರಿನಲ್ಲೇ ಕಚ್ಚಿಕೊಳ್ಳುತ್ತವೆ.

ಬ್ರೇಕ್ ದ್ರವ ಸಾಗುವ ಉಕ್ಕಿನ ಪೈಪುಗಳು ಉಪ್ಪುಗಾಳಿಗೆ ಕ್ಲಿಪ್ಪಿನ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ ತುಕ್ಕು ಹಿಡಿಯುತ್ತವೆ. ಹಳೆಯ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್ ಇರುವುದೇ ಹೆಚ್ಚು. ಒಂದು ಪೈಪ್ ಒಡೆದರೆ ಕಾಲುಬ್ರೇಕ್ ಪೂರ್ತಿ ಹೋಯಿತು, ಆದ್ದರಿಂದ ಇಲ್ಲಿ ಜಿಪುಣತನ ಸಲ್ಲದು. ಕಾಲು ತೆಗೆದರೂ ಚಕ್ರ ಬಿಡದಿದ್ದರೆ ಚಕ್ರದ ಬಳಿಯ ಬ್ಲೀಡ್ ನಿಪ್ಪಲನ್ನು (ಗಾಳಿ ಹೊರಬಿಡುವ ತಿರುಪನ್ನು) ತುಸು ತಿರುಗಿಸಿ. ದ್ರವ ಚಿಮ್ಮಿ ಚಕ್ರ ಸಡಿಲಾದರೆ ಒಳಗೆ ಊದಿದ ಹೋಸ್ ಅಥವಾ ಮಾಸ್ಟರ್ ಸಿಲಿಂಡರ್ ಒತ್ತಡವನ್ನು ಹಿಡಿದಿಟ್ಟಿದೆ ಎಂದರ್ಥ.

ಎಲ್ಲ ಜೋಡಿಸಿ, ಚಕ್ರ ಕಚ್ಚುವವರೆಗೆ ಅಡ್ಜಸ್ಟರ್ ಬಿಗಿದು, ತುಸುವೇ ಸವರುವಷ್ಟು ಹಿಂದಕ್ಕೆ ಬಿಡಿ. ಸೀಲ್ ಒಡೆಯದ ಡಬ್ಬಿಯ ದ್ರವವನ್ನೇ ತುಂಬಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಗಾಳಿ ತೆಗೆಯಲು ತೊಡಗಿ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ನಿಪ್ಪಲ್ ಬಿಚ್ಚಿ ಮುಚ್ಚಬೇಕು, ಆಮೇಲೆಯೇ ಕಾಲು ಎತ್ತಬೇಕು. ನಿಪ್ಪಲಿಗೆ ಕೊಳವೆಯಿಂದ ಜೋಡಿಸಿದ ಬಾಟಲಿಯಲ್ಲಿ ಗುಳ್ಳೆ ನಿಲ್ಲುವವರೆಗೆ ಇದೇ ಆಟ.

ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಇಳಿಯುತ್ತಿದ್ದರೆ ಸೋರಿಕೆ ಉಳಿದಿದೆ. ಇಳಿಯದಿದ್ದರೆ ಸಮತಟ್ಟಾದ ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಿ. ಮರುದಿನ ಬೆಳಿಗ್ಗೆ ಚಕ್ರಗಳ ಒಳಬದಿಯನ್ನು ಬೆರಳಿನಿಂದ ಸವರಿ. ಮಳೆನೀರಾದರೆ ಬೆರಳು ಒಣಗುತ್ತದೆ, ಬ್ರೇಕ್ ದ್ರವವಾದರೆ ಜಾರುತ್ತಲೇ ಇರುತ್ತದೆ.