ಅಮೆರಿಕನ್ ಪೇಲ್ ಏಲ್‌ಗೆ ನಾನು ಅಂಕ ಹಾಕುವ ರೀತಿ

ಹಾಪ್ಸ್ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಜೋರಾಗಿರುವ ಪೇಲ್ ಏಲ್ ಬಿಯರ್ ಕೈಗೆ ಬಂದಾಗ ನಾನು ಹುಡುಕುವುದು ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ರುಚಿಯನ್ನು. ಹಾಪ್ಸನ್ನು ಹುಡುಕಬೇಕಾಗಿಯೇ ಇಲ್ಲ, ಅದು ತಾನಾಗಿ ಮೂಗಿಗೆ ಬರುತ್ತದೆ. ಅದರ ಕೆಳಗೆ ಬ್ರೆಡ್ಡಿನ, ಸ್ವಲ್ಪ ಬಿಸ್ಕತ್ತಿನ ರುಚಿ ಇದೆಯಾ? ಇದ್ದರೆ ಗ್ಲಾಸ್ ಖಾಲಿಯಾಗುವವರೆಗೂ ನಿಲ್ಲುತ್ತದಾ? ಹಾಪ್ಸ್ ಹಾಡುವಾಗ ಮಾಲ್ಟ್ ಶ್ರುತಿ ಹಿಡಿದಿರಬೇಕು. ಈ ಬಿಯರ್ ವಿಷಯದಲ್ಲಿ ನನ್ನ ತೀರ್ಪೆಲ್ಲ ಹೆಚ್ಚುಕಮ್ಮಿ ಅಲ್ಲೇ ನಿಂತಿದೆ.

ನಾನು ಬಳಸುವುದು ಬಿಯರ್ ತೀರ್ಪುಗಾರರಿಗೆ ಪ್ರಮಾಣಪತ್ರ ಕೊಡುವ ಬಿಜೆಸಿಪಿ ಸಂಸ್ಥೆಯ ಅಂಕದ ಹಾಳೆ. ಒಟ್ಟು 50 ಅಂಕ. ಘಮಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ರೀತಿಗೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಬರೀ 3 ಇರುವುದು ನನಗೆ ತುಂಬಾ ಸರಿ ಅನ್ನಿಸುತ್ತದೆ. ಹೊಳೆಯುವ ಬಂಗಾರದ ಬಣ್ಣ, ಮೇಲೆ ಬಿಳಿ ನೊರೆ ಕಂಡ ಕೂಡಲೇ ಮನಸ್ಸು ಒಲಿದುಬಿಡುತ್ತದೆ, ಅಲ್ವಾ? ಅದಕ್ಕೇ ಕಣ್ಣಿಗೆ ಕಡಿವಾಣ ಬೇಕು.

ತಯಾರಿ ದೊಡ್ಡದೇನಲ್ಲ. ಅವತ್ತು ಸೆಂಟು ಹಾಕುವುದಿಲ್ಲ, ಘಾಟಿನ ಸೋಪಿನಲ್ಲಿ ಕೈ ತೊಳೆಯುವುದಿಲ್ಲ. ಸ್ವಲ್ಪ ಹೊತ್ತು ಮುಂಚಿನಿಂದಲೇ ಕಾಫಿ, ಖಾರ ಬಿಡುತ್ತೇನೆ. ಪಕ್ಕದಲ್ಲಿ ನೀರು, ಸಪ್ಪೆ ಬ್ರೆಡ್ಡು ಇದ್ದರೆ ಸಾಕು. ಗ್ಲಾಸ್ ಮಾತ್ರ ನಿಜಕ್ಕೂ ಸ್ವಚ್ಛವಾಗಿರಬೇಕು. ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಅಲ್ಲಿ ಜಿಡ್ಡು ಉಳಿದಿದೆ ಎಂದರ್ಥ. ಜಿಡ್ಡು ನೊರೆಯನ್ನು ಕೊಲ್ಲುತ್ತದೆ, ಆ ಪಾಪ ಬಿಯರ್ ಮಾಡಿದವರ ತಲೆಗೆ ಬರುತ್ತದೆ. ಬಿಯರ್ ತೀರಾ ತಣ್ಣಗಿದ್ದರೂ ಘಮ ಮುಚ್ಚಿಹೋಗುತ್ತದೆ. ನನಗೆ 7ರಿಂದ 10 ಡಿಗ್ರಿ ಸೆಲ್ಸಿಯಸ್ ಒಳಗೆ ಇದ್ದರೆ ಅನುಕೂಲ.

ಗ್ಲಾಸಿನ ನಡುಮಧ್ಯಕ್ಕೆ, ನೊರೆ ಏಳುವ ಹಾಗೆ ಸುರಿಯುತ್ತೇನೆ. ಸುರಿದ ತಕ್ಷಣ ಮೂಗು. ಬಣ್ಣ ಆಮೇಲೆ ನೋಡಿದರೂ ಅಲ್ಲೇ ಇರುತ್ತದೆ, ಘಮ ಇರುವುದಿಲ್ಲ. ಗ್ಲಾಸಿನ ಬಾಯಿಗೆ ಅಂಗೈ ಮುಚ್ಚಿ, ಮೆಲ್ಲಗೆ ತಿರುಗಿಸಿ, ಕೈ ತೆಗೆದು ಎರಡು ಸಣ್ಣ ಉಸಿರು. ದೀರ್ಘವಾಗಿ ಎಳೆದರೆ ಮೂಗು ಬೇಗ ದಣಿಯುತ್ತದೆ. ದಣಿದಾಗ ನನ್ನದೇ ಅಂಗಿಯ ತೋಳನ್ನು ಮೂಸಿ ಮತ್ತೆ ಗ್ಲಾಸಿಗೆ ಬರುತ್ತೇನೆ. ಮೂಗು ಮತ್ತೆ ಚುರುಕಾಗುತ್ತದೆ.

ಈ ಬಿಯರ್‌ಗೆ ನನ್ನ ತಲೆಯಲ್ಲಿರುವ ಅಳತೆಗೋಲು ಸಿಯೆರಾ ನೆವಾಡಾ ಪೇಲ್ ಏಲ್. ಕ್ಯಾಲಿಫೋರ್ನಿಯಾದ ಚಿಕೋ ಊರಿನಲ್ಲಿ 1980ರಲ್ಲಿ ಮೊದಲು ಕುದಿಸಿದ್ದು. 5.6 ಶೇಕಡ ಆಲ್ಕೋಹಾಲ್, ಕಹಿ 38 ಐಬಿಯು (ಬಿಯರ್‌ನ ಕಹಿ ಅಳೆಯುವ ಮಾನ). ಅದರ ಗುರುತೇ ಕ್ಯಾಸ್ಕೇಡ್ ಹಾಪ್ಸ್. 1972ರಲ್ಲಿ ಆರೆಗನ್‌ನಿಂದ ಹೊರಬಂದ ತಳಿ ಅದು. ಗ್ರೇಪ್‌ಫ್ರೂಟ್ ಸಿಪ್ಪೆ ಕೆರೆದಾಗ ಚಿಮ್ಮುವ ಎಣ್ಣೆಯ ವಾಸನೆ, ಹಿಂದೆ ಹೂವು, ಅದರ ಹಿಂದೆ ಪೈನ್ ಮರದ ರಾಳ. ಹಾಗಂತ ಎಲ್ಲರೂ ಕ್ಯಾಸ್ಕೇಡನ್ನೇ ಹಾಕಬೇಕು ಎಂದು ನಾನು ಪಟ್ಟು ಹಿಡಿಯುವುದಿಲ್ಲ. ಸಿಟ್ರಾ, ಮೊಸಾಯಿಕ್ ತಳಿ ಹಾಕಿ ಮಾವು, ಪ್ಯಾಶನ್ ಫ್ರೂಟ್ ಕಡೆ ಹೋದರೂ ಅದು ಪೇಲ್ ಏಲೇ. ತಳಿ ಯಾವುದೇ ಇರಲಿ, ವಾಸನೆ ತಾಜಾ ಇರಬೇಕು.

ಹಳತಾದರೆ ಮೊದಲು ಹೋಗುವುದೇ ಈ ತಾಜಾತನ. ಬಾಟಲಿಗೆ ತುಂಬುವಾಗ ಗಾಳಿ ಸೇರಿದ್ದರೆ ಹಾಪ್ಸ್ ಮಂಕಾಗುತ್ತದೆ, ಮಾಲ್ಟ್ ಜೇನಿನ ಸಿಹಿ ಕಡೆ ವಾಲುತ್ತದೆ, ಕೊನೆಗೆ ಒದ್ದೆ ರಟ್ಟಿನ ವಾಸನೆ. ಬೆಳಕು ತಾಗಿದ್ದರೆ ಕತೆ ಬೇರೆ. ಹಾಪ್ಸಿನ ಕಹಿ ಅಂಶ ಒಡೆದು ಗಂಧಕದ ನಾತ ಹುಟ್ಟುತ್ತದೆ. ಕಂದು ಬಾಟಲಿ ಇದನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಮತ್ತು ಬಣ್ಣವಿಲ್ಲದ ಗಾಜು ಅಷ್ಟಾಗಿ ತಡೆಯುವುದಿಲ್ಲ. ಬೆಣ್ಣೆಯ ವಾಸನೆ, ನಾಲಿಗೆಯ ಮೇಲೆ ಜಾರುವ ಜಿಡ್ಡು ಸಿಕ್ಕರೆ ಅದು ಡೈಅಸಿಟೈಲ್, ಹುದುಗುವಾಗ ಹುಟ್ಟುವ ವಸ್ತು. ಡ್ರೈ ಹಾಪಿಂಗ್ ಮಾಡಿದ, ಅಂದರೆ ಕುದಿಸಿ ತಣಿಸಿದ ಮೇಲೆ ಘಮಕ್ಕಾಗಿ ಹಾಪ್ಸ್ ಹಾಕಿದ ಬಿಯರ್‌ನಲ್ಲಿ ಇದನ್ನು ನಾನು ಬೇಕೆಂದೇ ಹುಡುಕುತ್ತೇನೆ. ಹಾಪ್ಸಿನಲ್ಲಿರುವ ಕಿಣ್ವಗಳು ಹುದುಗದೆ ಉಳಿದ ಡೆಕ್ಸ್‌ಟ್ರಿನ್‌ಗಳನ್ನು (ಪಿಷ್ಟ ಒಡೆದು ಬಂದ ತುಂಡುಗಳನ್ನು) ಸಕ್ಕರೆಯಾಗಿಸಿ ಹುದುಗುವಿಕೆಯನ್ನು ಮತ್ತೆ ಶುರು ಮಾಡಿಸುತ್ತವೆ. ಅದು ಪೂರ್ತಿ ಮುಗಿಯುವವರೆಗೆ ಕಾಯದೆ ತಣ್ಣಗೆ ಮಾಡಿ ತುಂಬಿಬಿಟ್ಟರೆ ಬೆಣ್ಣೆ ಅಲ್ಲೇ ಉಳಿಯುತ್ತದೆ.

ಇನ್ನು ಗುಟುಕು. ವೈನ್ ರುಚಿ ನೋಡುವವರ ಹಾಗೆ ಉಗುಳುವುದಿಲ್ಲ, ನುಂಗುತ್ತೇನೆ. ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಟ್ಟಾಗ ಹಾಪ್ಸಿನ ಇನ್ನೊಂದು ಮುಖ ಕಾಣುತ್ತದೆ. ಕಹಿ ಬರುವುದು ತಡವಾಗಿ. ನುಂಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಏರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಇಳಿಯುತ್ತದೆ. ಆ ಇಳಿಯುವುದನ್ನೇ ನಾನು ಕಾಯುತ್ತೇನೆ. ಒಳ್ಳೆಯ ಪೇಲ್ ಏಲ್‌ನಲ್ಲಿ ಕಹಿ ಇಳಿದ ಜಾಗದಲ್ಲಿ ಬ್ರೆಡ್ಡಿನ ರುಚಿ ಮತ್ತೆ ತಲೆ ಎತ್ತುತ್ತದೆ, ಬಾಯಿ ಇನ್ನೊಂದು ಗುಟುಕು ಕೇಳುತ್ತದೆ. ಕಹಿ ಗಂಟಲಲ್ಲೇ ಕಚ್ಚಿಕೊಂಡು ಕೂತರೆ ಅಂಕ ಕಳೆಯುತ್ತೇನೆ. ನಾಲಿಗೆಯಿಂದ ಹಲ್ಲಿನ ಹಿಂದೆ, ಕೆನ್ನೆಯ ಒಳಗೆ ಸವರಿ ನೋಡುತ್ತೇನೆ. ಅಲ್ಲಿ ಒಣಗಿ ಹಿಡಿದ ಹಾಗಿದ್ದರೆ ಅದು ಒಗರು. ಸಕ್ಕರೆ ಇಳಿಸಿಕೊಳ್ಳಲು ಮಾಲ್ಟ್ ಕಾಳನ್ನು ತೊಳೆದ ನೀರು ಜಾಸ್ತಿ ಬಿಸಿಯಾಗಿದ್ದಿರಬಹುದು, ಡ್ರೈ ಹಾಪಿಂಗ್ ಅತಿಯಾಗಿದ್ದಿರಬಹುದು. ಕಹಿಗೂ ಒಗರಿಗೂ ಕಾರಣ ಬೇರೆ, ಪರಿಹಾರವೂ ಬೇರೆ. ಆದ್ದರಿಂದ ಹಾಳೆಯಲ್ಲಿ ಎರಡನ್ನೂ ಬೇರೆಬೇರೆಯಾಗಿಯೇ ಬರೆಯುತ್ತೇನೆ.

ಈ ಶೈಲಿಗೆ 30ರಿಂದ 50 ಐಬಿಯು, 4.5ರಿಂದ 6.2 ಶೇಕಡ ಆಲ್ಕೋಹಾಲ್ ಎಂದು ಬಿಜೆಸಿಪಿ ಹೇಳುತ್ತದೆ. ಘಮ ಎಷ್ಟೇ ಚೆಂದ ಇರಲಿ, ಬಾಯಲ್ಲಿ ಐಪಿಎಯಷ್ಟು (ಇನ್ನೂ ಜೋರಾದ ಇಂಡಿಯಾ ಪೇಲ್ ಏಲ್‌ನಷ್ಟು) ಕಹಿ, ಐಪಿಎಯಷ್ಟು ಆಲ್ಕೋಹಾಲಿನ ಬಿಸಿ ಕಂಡರೆ ಅದಕ್ಕೆ ಈ ಗುಂಪಿನಲ್ಲಿ ಮೇಲಿನ ಅಂಕ ಕೊಡುವುದಿಲ್ಲ. ಕ್ಯಾರಮೆಲ್ ಮಾಲ್ಟ್ ಜಾಸ್ತಿಯಾಗಿ ಟಾಫಿಯ ಸಿಹಿ ಮುಂದೆ ಬಂದರೂ ಅಷ್ಟೇ, ಅದು ಅಂಬರ್ ಏಲ್ ಕಡೆ ಹೊರಟಿತು. ಡ್ರೈ ಹಾಪಿಂಗ್‌ನಿಂದ ಬಂದ ಚೂರು ಮಬ್ಬಿಗೆ ಮಾತ್ರ ನಾನು ತಕರಾರು ಮಾಡುವುದಿಲ್ಲ.

ಒಂದು ಎಚ್ಚರ ಯಾವಾಗಲೂ ಇರಬೇಕು. ಕಹಿ ಗ್ಲಾಸಿನಿಂದ ಗ್ಲಾಸಿಗೆ ಬಾಯಲ್ಲಿ ಗುಡ್ಡೆಯಾಗುತ್ತದೆ. ಸಾಲಿನ ಕೊನೆಯ ಬಿಯರ್ ಇದ್ದದ್ದಕ್ಕಿಂತ ಒರಟಾಗಿ ಕಾಣುತ್ತದೆ. ಅದಕ್ಕೇ ಪ್ರತಿ ಗ್ಲಾಸಿನಲ್ಲೂ ಸ್ವಲ್ಪ ಉಳಿಸಿ, ಎಲ್ಲ ಮುಗಿದ ಮೇಲೆ ನೀರು ಕುಡಿದು, ಕೊನೆಯದರಿಂದ ಮೊದಲಿನದಕ್ಕೆ ಹಿಂದಕ್ಕೆ ಬರುತ್ತೇನೆ. ಅಷ್ಟರಲ್ಲಿ ಬಿಯರ್ ಬೆಚ್ಚಗಾಗಿರುತ್ತದೆ. ತಣ್ಣಗಿದ್ದಾಗ ಮರೆಯಲ್ಲಿದ್ದ ಬೆಣ್ಣೆ, ರಟ್ಟು ಆಗ ಹೊರಬರುತ್ತವೆ. ಒಳ್ಳೆಯದಾದರೆ ಮಾಲ್ಟ್ ಇನ್ನೂ ಚೆನ್ನಾಗಿ ತೆರೆದುಕೊಂಡಿರುತ್ತದೆ. ಒಟ್ಟಾರೆ ಅಭಿಪ್ರಾಯದ 10 ಅಂಕವನ್ನು ನಾನು ಆಗಲೇ ತುಂಬುವುದು.

ಅಂಕದ ಜೊತೆ ಎರಡು ಸಾಲು ಬರೆಯದೆ ಹಾಳೆ ಕೊಡಬಾರದು. "ಘಮ ಚೆನ್ನಾಗಿದೆ" ಎಂದರೆ ಮಾಡಿದವರಿಗೆ ಏನೂ ಸಿಗಲಿಲ್ಲ. ನಾನು ಹೀಗೆ ಬರೆಯುತ್ತೇನೆ: "ಗ್ರೇಪ್‌ಫ್ರೂಟ್ ಸಿಪ್ಪೆ ಮುಂದಿದೆ, ಪೈನ್ ಹಿಂದೆ. ಬಿಸ್ಕತ್ತಿನ ಮಾಲ್ಟ್ ಮೊದಲ ಗುಟುಕಲ್ಲಿ ಇದೆ, ನುಂಗಿದ ಮೇಲೆ ಸಿಗುತ್ತಿಲ್ಲ. ಕಹಿ ಸ್ವಚ್ಛ, ಆದರೆ ಕೊನೆಯಲ್ಲಿ ಕೆನ್ನೆ ಹಿಡಿಯುತ್ತದೆ. ಕಾಳು ತೊಳೆಯುವ ನೀರಿನ ಬಿಸಿ ಒಮ್ಮೆ ನೋಡಿ."