ಒದ್ದೆ ಮೈ, ಎಣ್ಣೆ ಮೈ ಅಲ್ಲ: ಬ್ಲೆಂಡರ್‌ನಲ್ಲಿ ನೀರು ಕೂರಿಸುವುದು ಹೇಗೆ

ಕಾರವಾರದ ಕಡಲತೀರದಲ್ಲಿ ರಂಪಣಿ ಬಲೆ ಎಳೆಯುವ ಒಬ್ಬ ಅಜ್ಜನನ್ನು ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ ಮಾಡಿದ್ದೆ. ಸೊಂಟದವರೆಗೆ ನೀರಿಗಿಳಿದು ಬಂದವನು, ಮೈ ಒದ್ದೆ ಇರಬೇಕಲ್ವಾ? ರಫ್‌ನೆಸ್ (ಮೇಲ್ಮೈಯ ಒರಟುತನ, ಕಡಿಮೆಯಾದಷ್ಟೂ ಹೊಳಪು) ಪೂರ್ತಿ ಇಳಿಸಿ ರೆಂಡರ್ ಹಾಕಿದೆ, ಅಂದರೆ ಚಿತ್ರ ತೆಗೆದೆ. ದೊಡ್ಡಪ್ಪ ನೋಡಿ, "ಎಂತ ಮಾರಾಯ, ಇವನಿಗೆ ಎಣ್ಣೆ ಸ್ನಾನ ಮಾಡಿಸಿದ್ಯಾ?" ಅಂದರು. ಸರಿಯಾಗೇ ಹೇಳಿದ್ದರು.

ಮೊದಲು ಕಂಪ್ಯೂಟರ್ ಬಿಟ್ಟು ಎದ್ದು ಬನ್ನಿ. ಮುಂಗೈ ಮೇಲೆ ಒಂದು ತಂಬಿಗೆ ನೀರು ಸುರಿದು ಕಿಟಕಿ ಹತ್ತಿರ ಹಿಡಿಯಿರಿ. ನೀರು ಎಲ್ಲ ಕಡೆ ಒಂದೇ ಥರ ನಿಲ್ಲುವುದಿಲ್ಲ. ಒಂದು ಕಡೆ ತೆಳುವಾಗಿ ಹರಡಿ ಕಿಟಕಿಯ ಬೆಳಕನ್ನೇ ತೋರಿಸುತ್ತದೆ, ಪಕ್ಕದಲ್ಲೇ ಮೈ ಜಿಡ್ಡಿರುವ ಕಡೆ ಹನಿಯಾಗಿ ಕೂರುತ್ತದೆ, ಇನ್ನೊಂದು ಕಡೆ ಆಗಲೇ ಒಣಗಿರುತ್ತದೆ. ಕೂದಲು ನಾಲ್ಕೈದು ಸೇರಿ ಅಂಟಿಕೊಂಡಿರುತ್ತವೆ. ಒಣಗಿದ ಜಾಗ ಪಕ್ಕದಲ್ಲಿದ್ದರೇ ಒದ್ದೆ ಒದ್ದೆಯಾಗಿ ಕಾಣುವುದು. ನಾನು ತಪ್ಪಿದ್ದು ಅಲ್ಲೇ.

ಈಗ ಮೆಟೀರಿಯಲ್, ಅಂದರೆ ಮೇಲ್ಮೈ ಹೇಗೆ ಕಾಣಬೇಕು ಅನ್ನುವ ಸೆಟ್ಟಿಂಗ್. ಚರ್ಮದ ರಫ್‌ನೆಸ್ ಮುಟ್ಟಬೇಡಿ, ಅದು 0.45ರ ಆಸುಪಾಸಿನಲ್ಲೇ ಇರಲಿ. ಸಬ್‌ಸರ್ಫೇಸ್ (ಚರ್ಮದೊಳಗೆ ಬೆಳಕು ಹರಡುವುದು) ಕೂಡ ಹಾಗೇ ಇರಲಿ. ನೀರು ಚರ್ಮದ ಮೇಲೆ ಇರುವ ಬೇರೆ ಪದರ, ಹಾಗಾಗಿ ಅದನ್ನು ಬೇರೆಯಾಗೇ ಹಾಕಬೇಕು. ಬ್ಲೆಂಡರ್‌ನ ಮುಖ್ಯ ಮೆಟೀರಿಯಲ್ ನೋಡ್ ಆದ ಪ್ರಿನ್ಸಿಪಲ್ಡ್ ಬಿಎಸ್‌ಡಿಎಫ್‌ನಲ್ಲಿ ಕೋಟ್ ಅಂತ ಇದೆಯಲ್ಲ (ಹಳೇ ಆವೃತ್ತಿಗಳಲ್ಲಿ ಕ್ಲಿಯರ್‌ಕೋಟ್), ಅದು ಇದಕ್ಕೇ ಹೇಳಿ ಮಾಡಿಸಿದಂತಿದೆ. ಕೋಟ್ ರಫ್‌ನೆಸ್ 0.03ರಿಂದ 0.05, ಕೋಟ್ ಐಒಆರ್ (ವಕ್ರೀಭವನ ಸೂಚ್ಯಂಕ) 1.33, ಅಂದರೆ ನೀರಿನದು.

ಹೆಚ್ಚಿನವರು ಬಿಟ್ಟುಬಿಡುವುದು ಕೋಟ್ ನಾರ್ಮಲ್, ಅಂದರೆ ಆ ಮೇಲಿನ ಪದರದ ಉಬ್ಬುತಗ್ಗು. ಚರ್ಮದ ಸಣ್ಣ ರಂಧ್ರ, ಗೆರೆಗಳನ್ನೆಲ್ಲ ನೀರು ತುಂಬಿಬಿಡುತ್ತದೆ, ಮೇಲ್ಮೈ ನಯವಾಗುತ್ತದೆ. ಆದ್ದರಿಂದ ಚರ್ಮಕ್ಕೆ ಕೊಟ್ಟ ಬಂಪ್ (ಸಣ್ಣ ಉಬ್ಬುತಗ್ಗಿನ ವಿವರ) ಅನ್ನೇ ತೀರಾ ಕಡಿಮೆ ಮಾಡಿ ಕೋಟ್ ನಾರ್ಮಲ್‌ಗೆ ಕೊಡಿ. ಇದೊಂದೇ ಬದಲಾವಣೆಗೆ ನನ್ನ ಅಜ್ಜನ ಮೈಯಿಂದ ಅರ್ಧ ಎಣ್ಣೆ ಇಳಿಯಿತು.

ಆಮೇಲೆ ಮಾಸ್ಕ್, ಅಂದರೆ ನೀರು ಎಲ್ಲಿರಬೇಕು ಅಂತ ತೋರಿಸುವ ಕಪ್ಪು ಬಿಳುಪು ಚಿತ್ರ. ಟೆಕ್ಸ್ಚರ್ ಪೇಂಟ್‌ನಲ್ಲಿ ಒದ್ದೆ ಜಾಗಕ್ಕೆ ಬಿಳಿ, ಒಣಗಿದ್ದಕ್ಕೆ ಕಪ್ಪು ಬಳಿದು ಕೋಟ್ ವೇಟ್‌ಗೆ (ಕೋಟ್ ಎಷ್ಟಿರಬೇಕು ಅನ್ನುವುದಕ್ಕೆ) ಜೋಡಿಸಿ. ನೀರು ಇಳಿಯುವ ದಾರಿ ಯೋಚಿಸಿ ಬಳಿಯಿರಿ: ಕುತ್ತಿಗೆಯಿಂದ ಎದೆಗೆ, ಮೊಣಕೈಯಿಂದ ಬೆರಳ ತುದಿಗೆ. ಅದೇ ಮಾಸ್ಕ್‌ನಿಂದ ಚರ್ಮದ ಬಣ್ಣವನ್ನೂ ಒಂಚೂರು ಗಾಢ ಮಾಡಿ. ಒಂಚೂರೇ.

ಹನಿಗಳಿಗೆ ನಾಲ್ಕೈದು ಬೇರೆ ಬೇರೆ ಆಕಾರ ಮಾಡಿಟ್ಟುಕೊಂಡು ಜಿಯೊಮೆಟ್ರಿ ನೋಡ್ಸ್‌ನಲ್ಲಿ (ಆಕಾರಗಳನ್ನು ಮೇಲ್ಮೈ ಮೇಲೆ ತಾನಾಗೇ ಹರಡಿಸಲು ಬರುವ ಬ್ಲೆಂಡರ್‌ನ ಸಾಧನ) ಚೆಲ್ಲಿ. ಅಲ್ಲಿ ಸಮ ಅಂತರದಲ್ಲಿ ಹರಡುವ ಪಾಯ್ಸನ್ ಡಿಸ್ಕ್ ಬೇಡ, ರ‍್ಯಾಂಡಮ್ ಇರಲಿ, ಇಲ್ಲದಿದ್ದರೆ ಹನಿಗಳು ಗದ್ದೆಯಲ್ಲಿ ನಾಟಿ ಮಾಡಿದ ಹಾಗೆ ಅಳತೆಯಲ್ಲಿ ಕೂರುತ್ತವೆ. ಸಣ್ಣವು ಜಾಸ್ತಿ, ದೊಡ್ಡವು ಬೆರಳೆಣಿಕೆಯಷ್ಟು. ಕೆಲವು ಮಿಲಿಮೀಟರ್ ದಾಟಿದ ಹನಿ ತನ್ನ ಭಾರಕ್ಕೇ ಚಪ್ಪಟೆಯಾಗುತ್ತದೆ, ಉರುಟು ಮಣಿಯಾಗಿ ನಿಲ್ಲುವುದಿಲ್ಲ. ಹನಿಯ ತಳ ಚರ್ಮದೊಳಗೆ ಸ್ವಲ್ಪ ಹುಗಿದಿರಲಿ, ನಡುವೆ ಸಂದಿ ಉಳಿದರೆ ಗಾಜಿನ ಮಣಿ ಅಂಟಿಸಿದ ಹಾಗೆ ಕಾಣುತ್ತದೆ. ಸೈಕಲ್ಸ್‌ನಲ್ಲಿ (ಬ್ಲೆಂಡರ್‌ನ ರೆಂಡರ್ ಎಂಜಿನ್) ಹನಿಯ ಕೆಳಗೆ ಕಪ್ಪು ಕಲೆ ಬಂದು ನಾನು ಒಂದು ಇಡೀ ಸಂಜೆ ತಲೆ ಕೆರೆದುಕೊಂಡಿದ್ದೆ. ಅದು ಹನಿಯ ನೆರಳು. ಆಬ್ಜೆಕ್ಟ್‌ನ ರೇ ವಿಸಿಬಿಲಿಟಿಯಲ್ಲಿ ಶ್ಯಾಡೋ ಆಫ್ ಮಾಡಿದರೆ ಹೋಗುತ್ತದೆ.

ಬೆಳಕು ಎದುರಿನಿಂದ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ದಂಡ. ನೇರ ಬಿದ್ದ ಬೆಳಕಿನಲ್ಲಿ ನೀರು ವಾಪಸ್ ಕಳಿಸುವುದು ಸುಮಾರು ಶೇ 2 ಮಾತ್ರ. ತೀರಾ ಓರೆಯಾಗಿ, ನೇರ ಬೀಳುವುದನ್ನು ಸೊನ್ನೆ ಅಂತಿಟ್ಟುಕೊಂಡು ಹತ್ತಿರ ಹತ್ತಿರ 80 ಡಿಗ್ರಿಯಲ್ಲಿ ಬಿದ್ದರೆ ಮೂರರಲ್ಲಿ ಒಂದು ಪಾಲು ಬರುತ್ತದೆ. ನಮ್ಮಲ್ಲಿ ಸೂರ್ಯ ಕಡಲಿಗೇ ಇಳಿಯುವುದರಿಂದ ಸಂಜೆ ದಡದಲ್ಲಿ ನಿಂತು ನೋಡಿದರೆ ನೀರಿನಿಂದ ಎದ್ದು ಬರುವವರ ಹೆಗಲಿಗೆ ಬೆಳ್ಳಿ ಅಂಚು ಕಾಣುತ್ತದಲ್ಲ, ಅದು ಇದೇ. ಲೈಟನ್ನು ಪಾತ್ರದ ಹಿಂದೆ, ಪಕ್ಕಕ್ಕೆ ಇಡಿ. ಮಳೆಗಾಲದ ದೃಶ್ಯವಾದರೆ ಮೋಡದ ಎಚ್‌ಡಿಆರ್‌ಐ (ಸುತ್ತಲಿನ ಬೆಳಕನ್ನು ಕೊಡುವ ಚಿತ್ರ) ಸಾಕು, ಹೊಳಪು ಅಗಲವಾಗಿ, ಮಂದವಾಗಿ ಬರುತ್ತದೆ.

ಎಲ್ಲ ಮುಗಿಸಿ ಮತ್ತೆ ದೊಡ್ಡಪ್ಪನಿಗೆ ತೋರಿಸಿದೆ. ಸುಮಾರು ಹೊತ್ತು ನೋಡಿದರು. "ಮೈ ಸರಿ ಉಂಟು. ಪಂಚೆ ಎಂತಕ್ಕೆ ಒಣಗಿದ್ದು?"