ಒಂಟಿ ರೆಕ್ಕೆಯ ಹದ್ದು

ಭಾನುವಾರದ ಸಂತೆಯಲ್ಲಿ ಸಿಕ್ಕ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತಯಾರಾದ ಹಳೆಯ ಕ್ಷೌರದ ಕತ್ತಿ. ಅಲಗಿನ ಮೇಲೆ ತುಕ್ಕಿನಡಿ ರೆಕ್ಕೆ ಬಿಚ್ಚಿದ ಹದ್ದು. ಅಮೆರಿಕದ ಗಿರಾಕಿಗಳಿಗೆಂದು ಶೆಫೀಲ್ಡಿನವರು ಇಂಥ ಹದ್ದುಗಳನ್ನು ಬರೆಸುತ್ತಿದ್ದರು. ಇದು ಬೆಂಗಳೂರಿಗೆ ಹೇಗೆ ಹಾರಿ ಬಂತೋ! ಹುರುಪಿನಲ್ಲಿ 400 ನಂಬರಿನ ಎಮರಿ ಪೇಪರ್ ಹಿಡಿದು ಉಜ್ಜಿದೆ. ತುಕ್ಕಿನ ಜೊತೆ ಒಂದು ರೆಕ್ಕೆಯೂ ಹೋಯಿತು.

ಉಳಿ ಹಿಡಿದು ಕೆತ್ತಿದ್ದಾಗಿದ್ದರೆ ಅಷ್ಟು ಸುಲಭಕ್ಕೆ ಹೋಗುತ್ತಿರಲಿಲ್ಲ. ಅದು ಆಮ್ಲ ತಿಂದ ಗೆರೆ. ಯುರೋಪಿನಲ್ಲಿ ಕವಚಗಳಿಗೆ ಮೇಣ ಬಳಿದು, ಮೇಣ ಕೆರೆದ ಕಡೆ ಮಾತ್ರ ಆಮ್ಲ ತಿನ್ನುವಂತೆ ಮಾಡಿ ಚಿತ್ತಾರ ತೆಗೆಯುತ್ತಿದ್ದರು. ಆಗ್ಸ್‌ಬರ್ಗಿನ ಜರ್ಮನ್ ಕಲಾವಿದ ಡೇನಿಯಲ್ ಹಾಪ್ಫರ್ ಸುಮಾರು 1500ರ ಹೊತ್ತಿಗೆ ಅದೇ ವಿದ್ಯೆಯನ್ನು ಕಾಗದದ ಮೇಲಿನ ಮುದ್ರಣಕ್ಕೆ ತಂದ. ಶೆಫೀಲ್ಡಿನವರು 19ನೇ ಶತಮಾನದಲ್ಲಿ ಮುದ್ರಣವನ್ನೇ ಉಕ್ಕಿಗೆ ಮರಳಿಸಿದರು. ತಾಮ್ರದ ತಗಡಿನಲ್ಲಿ ಕೊರೆದ ಚಿತ್ರವನ್ನು ಡಾಂಬರು, ಮೇಣ ಬೆರೆತ ಶಾಯಿಯಲ್ಲಿ ತೆಳು ಟಿಶ್ಯೂ ಕಾಗದಕ್ಕೆ ಒತ್ತಿ, ಅಲಗಿಗೆ ಅಂಟಿಸಿ, ಕಾಗದ ನೆನೆಸಿ ಕಿತ್ತು, ಶಾಯಿ ಇಲ್ಲದ ಕಡೆ ತಿನ್ನಲು ನೈಟ್ರಿಕ್ ಆಮ್ಲ ಹಚ್ಚುವುದು. ಪಿಂಗಾಣಿ ಬಟ್ಟಲಿಗೆ ಚಿತ್ರ ಹತ್ತಿಸುವವರು 1750ರ ದಶಕದಿಂದಲೇ ಹೀಗೆ ಕಾಗದದಿಂದ ಚಿತ್ರ ಒತ್ತುತ್ತಿದ್ದರು.

ನಾನೂ ಮಾಡಿ ನೋಡಿದೆ, ಒಂದು ಮುರಿದ ಅಲಗಿನ ಮೇಲೆ. ಸರ್ಕ್ಯೂಟ್ ಬೋರ್ಡ್ ಮಾಡುವ ಹುಡುಗರ ಉಪಾಯ: ಲೇಸರ್ ಪ್ರಿಂಟರಿನಲ್ಲಿ ತಿರುವುಮುರುವಾಗಿ ತೆಗೆದ ಚಿತ್ರ, ಎಸ್‌.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ, ಲೋಹ ತಿನ್ನುವ ಫೆರಿಕ್ ಕ್ಲೋರೈಡ್ ದ್ರಾವಣ. ಇಸ್ತ್ರಿಪೆಟ್ಟಿಗೆ ಇಟ್ಟರೆ ಅಲಗಿನ ಒಳಬಾಗಿದ ಮೈಗೆ ತಾಗಲೇ ಇಲ್ಲ. ನುಣುಪು ಕಾಗದ ಬಾಗದೆ ಸೆಟೆದು ನಿಂತಿತು. ಟಿಶ್ಯೂ ಯಾಕೆ ಬೇಕಿತ್ತೆಂದು ಆಗ ತಿಳಿಯಿತು. ಕೊನೆಗೆ ಅಲಗನ್ನು ಕಾವಲಿಯ ಮೇಲೆ ಬಿಸಿ ಮಾಡಿ, ಬಟ್ಟೆಯ ಉಂಡೆಯಿಂದ ಕಾಗದ ಒತ್ತಿದೆ. ಉಳಿದ ಕಡೆಗೆಲ್ಲ ಹೆಂಡತಿಯ ನೇಲ್ ಪಾಲಿಶ್.

ಹತ್ತು ನಿಮಿಷ ಅದ್ದಿ, ಅಡುಗೆ ಸೋಡಾದ ನೀರಲ್ಲಿ ತೊಳೆದೆ. ದ್ರಾವಣ ಕೆಳಕ್ಕಿಳಿದಂತೆ ಪಕ್ಕಕ್ಕೂ ನುಗ್ಗಿತ್ತು. ಗರಿಗಳೆಲ್ಲ ಒಂದಕ್ಕೊಂದು ಕೂಡಿ ಹದ್ದು ಹೋಗಿ ಕೋಳಿ ಆಗಿತ್ತು. ಎರಡನೇ ಸಲ ನಾಲ್ಕೇ ನಿಮಿಷ. ಗರಿಗಳು ಬಿಡಿಬಿಡಿಯಾಗಿ ಬಂದವು, ಆದರೆ ಉಗುರಿಗೆ ಗೆರೆಯೇ ಸಿಗದಷ್ಟು ಮೇಲುಮೇಲೆ. ನಯವಾದ ಗೆರೆ ಬೇಕೆಂದರೆ ಆಮ್ಲವನ್ನು ಬೇಗ ತಡೆಯಬೇಕು. ನನ್ನ ಎಮರಿ ಪೇಪರಿಗೆ ಆ ರೆಕ್ಕೆ ತುತ್ತಾದದ್ದು ಅದಕ್ಕೇ.

ಹಳೇ ಕತ್ತಿಗೆ ಈಗ ಎಣ್ಣೆ ಅದ್ದಿದ ಹತ್ತಿ ಬಿಟ್ಟು ಬೇರೇನೂ ತಾಗಿಸುವುದಿಲ್ಲ. ಹೋದ ರೆಕ್ಕೆಯನ್ನು ಮತ್ತೆ ಬರೆಯಲು ಹೋಗಿಲ್ಲ.